ವಿಶ್ವ ಬಲಮುರಿಯೋ, ಎಡಮುರಿಯೋ? ಮನೆಯಲ್ಲೇ ಕೂತು ಪರೀಕ್ಷಿಸುವ ಬಗೆ

ಒಂದು ವರ್ಷದಿಂದ ಒಂದೇ ಪ್ರಶ್ನೆ ನನ್ನತ್ತ ತಿರುತಿರುಗಿ ಬರುತ್ತಿದೆ. ದಾವಣಗೆರೆಯ ಬಿಎಸ್ಸಿ ಹುಡುಗರು ಕೇಳುತ್ತಾರೆ, ಚಳ್ಳಕೆರೆಯ ಹೈಸ್ಕೂಲು ಮೇಷ್ಟ್ರು ಕೇಳುತ್ತಾರೆ, ಹೊಳಲ್ಕೆರೆ ಕಡೆಯ ಒಬ್ಬ ಅಡಿಕೆ ಬೆಳೆಗಾರರೂ ಕೇಳಿದರು: "ಗೆಲಾಕ್ಸಿಗಳನ್ನು ಎಣಿಸಿ ವಿಶ್ವಕ್ಕೆ ಎಡ-ಬಲದ ಭೇದ ಇದೆಯೋ ಇಲ್ಲವೋ ನೋಡಬಹುದಂತೆ. ನಮ್ಮೂರಲ್ಲಿ ದೊಡ್ಡ ದೂರದರ್ಶಕ ಇಲ್ಲ. ನಾವೂ ಮಾಡಬಹುದಾ?"

ಮಾಡಬಹುದು. ದೂರದರ್ಶಕ ಬೇಕಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ 2.5 ಮೀಟರ್ ದೂರದರ್ಶಕವೊಂದು 2000ದಿಂದ ಆಕಾಶವನ್ನು ಅಳೆದು, ಆ ಅಳತೆಯನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಆ ಕೆಲಸದ ಹೆಸರು ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ. ಮುಂದೆ ಬರೀ 'ಸ್ಲೋನ್ ಸರ್ವೆ' ಅನ್ನುತ್ತೇನೆ. ಪಿಬಿ ರಸ್ತೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಕೂತ ವಿದ್ಯಾರ್ಥಿಗೂ ಪ್ರಿನ್ಸ್‌ಟನ್ನಿನ ಪ್ರೊಫೆಸರಿಗೂ ಸಿಗುವುದು ಅದೇ ಕಡತ. ಕಷ್ಟ ಇರುವುದು ಎಣಿಕೆಯಲ್ಲಲ್ಲ. ಎಣಿಸುವ ನಮ್ಮ ಕಣ್ಣಿಗೆ, ನಾವು ಬರೆದ ಪ್ರೋಗ್ರಾಮಿಗೆ, ನಾವು ಹಾಕಿದ ತಪ್ಪಿನ ಅಂದಾಜಿಗೆ ಒಂದು ಪಕ್ಕಕ್ಕೆ ವಾಲುವ ಚಟ ಇದೆಯೇ ಎಂದು ಮೊದಲೇ ಕಂಡುಕೊಳ್ಳುವುದರಲ್ಲಿದೆ. ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ಏನನ್ನು ಪರೀಕ್ಷಿಸುತ್ತಿದ್ದೇವೆ?

ಪೂಜೆಯ ಶಂಖ ನೆನಪಿಸಿಕೊಳ್ಳಿ. ಮಾಮೂಲಿ ಶಂಖಗಳ ಸುರುಳಿಯೆಲ್ಲ ಒಂದೇ ಕಡೆಗೆ. ಅದಕ್ಕೆ ವಿರುದ್ಧವಾಗಿ ಸುತ್ತಿದ್ದು ಅಪರೂಪಕ್ಕೆ ಸಿಗುತ್ತದೆ. ಅದೇ ಬೆಲೆಬಾಳುವ ಬಲಮುರಿ ಶಂಖ. ಮಾಮೂಲಿ ಶಂಖವನ್ನು ಕನ್ನಡಿ ಮುಂದೆ ಹಿಡಿದರೆ ಒಳಗೆ ಕಾಣುವುದು ಬಲಮುರಿ. ಹೊರಗೆ ಅಪರೂಪವಾದದ್ದು ಕನ್ನಡಿಯೊಳಗೆ ಮಾಮೂಲಿ. ಅಂದರೆ ಶಂಖಗಳ ಲೋಕಕ್ಕೂ ಅದರ ಕನ್ನಡಿ ಬಿಂಬಕ್ಕೂ ವ್ಯತ್ಯಾಸವಿದೆ. ಆ ಲೋಕಕ್ಕೆ ಕನ್ನಡಿ ಸಮಮಿತಿ ಇಲ್ಲ. ಭೌತಶಾಸ್ತ್ರದಲ್ಲಿ ಇದನ್ನು 'ಪ್ಯಾರಿಟಿ' ಎನ್ನುತ್ತಾರೆ. ಬಿಂಬಕ್ಕೂ ಮೂಲಕ್ಕೂ ಭೇದ ಕಾಣದಿದ್ದರೆ ಪ್ಯಾರಿಟಿ ಉಳಿದಿದೆ, ಕಂಡರೆ ಮುರಿದಿದೆ.

ಪ್ಯಾರಿಟಿ ಎಲ್ಲೂ ಮುರಿಯುವುದಿಲ್ಲ ಎಂದೇ ಬಹುಕಾಲ ನಂಬಿದ್ದರು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಅದನ್ನು ಪ್ರಶ್ನಿಸಿದರು. ಚಿಯೆನ್-ಷಿಯುಂಗ್ ವು ಎಂಬ ವಿಜ್ಞಾನಿ ಕೋಬಾಲ್ಟ್-60 ಪರಮಾಣುಗಳನ್ನು ವಿಪರೀತ ತಣಿಸಿ, ಅವುಗಳ ಗಿರಕಿಯನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸಿ, ಹೊಮ್ಮುವ ಎಲೆಕ್ಟ್ರಾನುಗಳು ಒಂದು ಪಕ್ಕಕ್ಕೇ ಹೆಚ್ಚು ಹೋಗುವುದನ್ನು ತೋರಿಸಿದರು. ಮರುವರ್ಷವೇ ಲೀ, ಯಾಂಗ್ ಇಬ್ಬರಿಗೂ ನೊಬೆಲ್ ಬಂತು. ವು ಅವರಿಗೆ ಬರಲಿಲ್ಲ. ಬರಬೇಕಿತ್ತು ಎಂದು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಅಲ್ಲಿ ಎಡ-ಬಲದ ಭೇದ ಮಾಡಿದ್ದು 'ದುರ್ಬಲ ಬಲ'. ಅದರ ಕೈ ಚಾಚುವುದು ಪರಮಾಣು ಬೀಜದೊಳಗಷ್ಟೇ. ಗೆಲಾಕ್ಸಿಗಳನ್ನು ಜೋಡಿಸುವುದು ಗುರುತ್ವ. ನಮಗೆ ತಿಳಿದಿರುವ ಗುರುತ್ವಕ್ಕೆ ಎಡ-ಬಲ ಗೊತ್ತಿಲ್ಲ. ಹಾಗಾಗಿ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಹರವಿನಲ್ಲಿ ಗೆಲಾಕ್ಸಿಗಳ ಜೋಡಣೆ ಒಂದು ಪಕ್ಕಕ್ಕೆ ವಾಲಿದೆ ಎಂದಾದರೆ, ಆ ವಾಲು ವಿಶ್ವ ಹುಟ್ಟಿದ ಮೊದಲ ಕ್ಷಣಗಳಲ್ಲೇ ಬಿದ್ದಿರಬೇಕು. ಇಷ್ಟು ದೊಡ್ಡ ಮಾತನ್ನು ಹೇಳಲು ಪುರಾವೆಯೂ ಅಷ್ಟೇ ಗಟ್ಟಿ ಇರಬೇಕು.

ಬೇಕಾದ ಸಾಮಾನು

8 ಜಿಬಿ ಮೆಮೊರಿಯ ಒಂದು ಲ್ಯಾಪ್‌ಟಾಪ್. ಪೈಥಾನ್ ಭಾಷೆ ಮತ್ತು ಅದರ ನಮ್‌ಪೈ, ಸೈಪೈ, ಆಸ್ಟ್ರೋಪೈ ಎಂಬ ಮೂರು ಕಟ್ಟುಗಳು, ಎಲ್ಲವೂ ಪುಕ್ಕಟೆ. ಮೊದಲ ಭಾಗಕ್ಕೆ ಪೈಥಾನೂ ಬೇಡ, ಎಕ್ಸೆಲ್ ಸಾಕು. ಒಂದು ನೋಟ್‌ಬುಕ್ಕು. ಇಬ್ಬರು ಮೂವರು ಗೆಳೆಯರು ಬೇಕೇಬೇಕು. ಏಕೆಂದರೆ ಉತ್ತರದ ಪಟ್ಟಿಯನ್ನು ನಿಮ್ಮಿಂದ ಬಚ್ಚಿಡುವವರು ಒಬ್ಬರಿರಬೇಕು.

ಕೆಲಸ ಎರಡು ಭಾಗ. ಮೊದಲನೆಯದು ಸುರುಳಿ ಗೆಲಾಕ್ಸಿಗಳ ಚಿತ್ರ ನೋಡಿ ಎಣಿಸುವುದು, ಹೈಸ್ಕೂಲಿನವರೂ ಮಾಡಬಹುದು. ಎರಡನೆಯದು ನಾಲ್ಕು ನಾಲ್ಕು ಗೆಲಾಕ್ಸಿಗಳ ಜೋಡಣೆ ನೋಡುವುದು. ಪಿಯುಸಿ ಗಣಿತ ಬೇಕು. ಮೊದಲನೆಯದನ್ನು ಹಾರಿಸಿ ಎರಡನೆಯದಕ್ಕೆ ಹೋಗಬೇಡಿ. ಎರಡನೆಯದರಲ್ಲಿ ಆಗುವ ತಪ್ಪುಗಳೆಲ್ಲ ಮೊದಲನೆಯದರಲ್ಲಿ ಬರಿಗಣ್ಣಿಗೇ ಕಾಣುತ್ತವೆ.

ಭಾಗ ಒಂದು: ಸುರುಳಿ ಎಣಿಕೆ

1. ಹೆಸರು ಗಟ್ಟಿ ಮಾಡಿಕೊಳ್ಳಿ. ಗೆಲಾಕ್ಸಿಯ ನಡುವಿನಿಂದ ಹೊರಕ್ಕೆ ಬೆರಳಾಡಿಸಿ. ಬಾಹು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಾಗುತ್ತ ಹೋದರೆ ಬಲಮುರಿ, ಅದಕ್ಕೆ ವಿರುದ್ಧವಾದರೆ ಎಡಮುರಿ ಅನ್ನೋಣ. ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಕಂಡರೆ ನಮ್ಮ ಲೆಕ್ಕದಲ್ಲಿ ಬಲಮುರಿ, 'ಝಡ್' ಹಾಗೆ ಕಂಡರೆ ಎಡಮುರಿ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ನೂಲಿನ ಹುರಿಗೂ ಎಸ್ ಹುರಿ, ಝಡ್ ಹುರಿ ಎಂದೇ ಹೆಸರು. ಖಗೋಳದವರೂ ಅವೇ ಎರಡು ಅಕ್ಷರ ಬಳಸುತ್ತಾರೆ.

ಇಲ್ಲೊಂದು ಗುಂಡಿ ಇದೆ. ಕೆಲವು ಪಟ್ಟಿಗಳಲ್ಲಿ 'ಗಡಿಯಾರದ ದಿಕ್ಕು' ಎಂದರೆ ಬಾಹು ಬಾಗುವ ದಿಕ್ಕಲ್ಲ, ಗೆಲಾಕ್ಸಿ ತಿರುಗುವ ದಿಕ್ಕು. ಸಾಮಾನ್ಯವಾಗಿ ಬಾಹುವಿನ ತುದಿ ತಿರುಗಾಟದ ಹಿಂದೆ ಎಳೆದುಕೊಂಡು ಬರುತ್ತದೆ. ಆದ್ದರಿಂದ ಎರಡೂ ಒಂದಕ್ಕೊಂದು ತಿರುಗುಮುರುಗು. ಯಾವ ಅರ್ಥದಲ್ಲಿ ಬರೆಯುತ್ತಿದ್ದೀರಿ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಚಿತ್ರ ಸಮೇತ ಹಾಕಿಡಿ.

2. ಗೆಲಾಕ್ಸಿಗಳನ್ನು ಆರಿಸಿ. ಸ್ಲೋನ್ ಸರ್ವೆಯ ಜಾಲತಾಣದಲ್ಲಿ 'ಸ್ಕೈಸರ್ವರ್' ಎಂಬ ವಿಭಾಗವಿದೆ. ಅದರ ಕೋಷ್ಟಕಗಳಲ್ಲಿ 'ಝೂಸ್ಪೆಕ್' ಎಂಬುದು 2007ರಲ್ಲಿ ಶುರುವಾದ ಗೆಲಾಕ್ಸಿ ಝೂ ಯೋಜನೆಯ ಫಲ. ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನ ಚಿತ್ರ ನೋಡಿ, ಪ್ರತಿ ಗೆಲಾಕ್ಸಿಗೂ ಇದು ಸುರುಳಿಯೋ ಉಂಡೆಯೋ ಎಂದು ಮತ ಹಾಕಿದ್ದಾರೆ. ಅದರಲ್ಲಿ ಗಡಿಯಾರದ ದಿಕ್ಕಿನ ಮತ, ವಿರುದ್ಧ ದಿಕ್ಕಿನ ಮತ, ಎಲ್ಲ ಸುರುಳಿ ಮತಗಳ ಮೊತ್ತ ಎಂದು ಬೇರೆಬೇರೆ ಕಾಲಮ್ಮುಗಳಿವೆ. ನೀವು ಆರಿಸಬೇಕಾದದ್ದು ಮೊತ್ತದ ಕಾಲಮ್ಮಿನಿಂದ. ದಿಕ್ಕಿನ ಕಾಲಮ್ಮು ನೋಡಿ ಆರಿಸಿದರೆ, ಮತ ಹಾಕಿದವರ ಕಣ್ಣಿನ ವಾಲು ನಿಮ್ಮ ಪಟ್ಟಿಯೊಳಕ್ಕೆ ಸದ್ದಿಲ್ಲದೆ ಬಂದು ಕೂರುತ್ತದೆ.

ಎಷ್ಟು ಬೇಕು? ನಾಣ್ಯ 100 ಸಲ ಚಿಮ್ಮಿದರೆ ತಲೆ ಸರಿಯಾಗಿ 50 ಬೀಳಬೇಕೆಂದೇನಿಲ್ಲ. ಹೆಚ್ಚಿನ ಸಲ 45ರಿಂದ 55ರೊಳಗೆ ಬೀಳುತ್ತದೆ. ಈ 5ಕ್ಕೆ ಒಂದು 'ಸಿಗ್ಮಾ' ಎಂದು ಹೆಸರು. ಬರೀ ಅದೃಷ್ಟದಿಂದ ಆಗುವ ಅಲುಗಾಟದ ಅಳತೆ. ಒಟ್ಟು ಎಣಿಕೆಯ ವರ್ಗಮೂಲದ ಅರ್ಧ ಅಂತ ನೆನಪಿಡಿ. ಪಾಲಿನ ಲೆಕ್ಕದಲ್ಲಿ 400 ಗೆಲಾಕ್ಸಿಗೆ ಶೇ. 2.5, 10,000ಕ್ಕೆ ಶೇ. 0.5. ಅಂದರೆ 50ಕ್ಕೆ ಬದಲು 51 ಇರುವ ಸಣ್ಣ ವಾಲನ್ನು 3 ಸಿಗ್ಮಾ ಖಾತ್ರಿಯಲ್ಲಿ ಹಿಡಿಯಲು 22,500 ಗೆಲಾಕ್ಸಿ ನೋಡಬೇಕು. ಒಬ್ಬರಿಂದ ಆಗದು. 45 ಮಕ್ಕಳ ತರಗತಿಯಲ್ಲಿ ತಲಾ 500 ಹಂಚಿದರೆ ಆಗುತ್ತದೆ.

3. ಚಿತ್ರ ಇಳಿಸಿ, ಮಗುಚಬೇಡಿ. ಸ್ಕೈಸರ್ವರಿನ 'ಇಮೇಜ್ ಲಿಸ್ಟ್' ಎಂಬಲ್ಲಿ ಗೆಲಾಕ್ಸಿಗಳ ಸ್ಥಾನ ಅಂಟಿಸಿದರೆ ಚಿತ್ರಗಳು ಸಾಲಾಗಿ ಬರುತ್ತವೆ. ಎಲ್ಲವನ್ನೂ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಖಗೋಳದ ಕಚ್ಚಾ ಚಿತ್ರಗಳು 'ಫಿಟ್ಸ್' ಎಂಬ ರೂಪದಲ್ಲಿರುತ್ತವೆ. ಅದರಲ್ಲಿ ಮೊದಲ ಸಾಲು ಕೆಳಗಡೆ. ಮಾಮೂಲಿ ಫೋಟೊದಲ್ಲಿ ಮೊದಲ ಸಾಲು ಮೇಲ್ಗಡೆ. ಪೈಥಾನಿನಲ್ಲಿ ಫಿಟ್ಸ್ ಚಿತ್ರವನ್ನು ಹಾಗೇ ತೆರೆದರೆ ಅದು ಮೇಲು-ಕೆಳಗಾಗುತ್ತದೆ. ಮೇಲು-ಕೆಳಗಾದರೆ ಏನಾಯಿತು ಅನ್ನಬೇಡಿ. ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಬಲಮುರಿ ಬಲಮುರಿಯಾಗೇ ಉಳಿಯುತ್ತದೆ. ಮೇಲು-ಕೆಳಗು ಮಗುಚಿದರೆ ಅದು ಕನ್ನಡಿ ಬಿಂಬ, ಬಲಮುರಿ ಎಡಮುರಿಯಾಗುತ್ತದೆ. ಅರ್ಧ ಚಿತ್ರ ಒಂದು ಬಗೆ, ಅರ್ಧ ಇನ್ನೊಂದು ಬಗೆ ಸೇರಿಕೊಂಡರೆ ಇಡೀ ಕೆಲಸ ನೀರಲ್ಲಿ ಹೋಮ.

4. ಕನ್ನಡಿ ಬಿಂಬ ಬೆರೆಸಿ. ಇದು ಮೊದಲ ಭಾಗದ ಜೀವ. ಪ್ರತಿ ಚಿತ್ರಕ್ಕೂ ಕಂಪ್ಯೂಟರಿನಲ್ಲಿ ಒಂದು ಕನ್ನಡಿ ಪ್ರತಿ ಮಾಡಿಸಿ. ಮೂಲ ಮತ್ತು ಪ್ರತಿ ಎರಡನ್ನೂ ಕಲಸಿ, ಅಂಕಿ ಕೊಟ್ಟು, ಯಾವುದು ಮೂಲ ಯಾವುದು ಪ್ರತಿ ಎಂಬ ಪಟ್ಟಿಯನ್ನು ಗೆಳೆಯರ ಹತ್ತಿರ ಬಿಡಿ. ಎಣಿಸಿ ಮುಗಿಯುವವರೆಗೆ ನೀವು ಅದನ್ನು ನೋಡಬಾರದು.

ಇಷ್ಟೆಲ್ಲ ಏಕೆ ಎಂದರೆ, ಗೆಲಾಕ್ಸಿ ಝೂದಲ್ಲೇ ಇದು ಆಗಿತ್ತು. ಮೊದಲ ಎಣಿಕೆಯಲ್ಲಿ ಎಸ್ ಆಕಾರದವು ಹೆಚ್ಚು ಬಂದವು. ವಿಶ್ವಕ್ಕೇ ಒಂದು ಒಲವಿದೆ ಎಂದು ಕುಣಿದಾಡುವ ಹೊತ್ತು. ಅವರು ಕುಣಿಯಲಿಲ್ಲ. ಅವೇ ಚಿತ್ರಗಳ ಕನ್ನಡಿ ಪ್ರತಿಯನ್ನು ಅದೇ ಜನರಿಗೆ ತೋರಿಸಿದರು. ಒಲವು ಆಕಾಶದ್ದಾಗಿದ್ದರೆ ಈಗ ಝಡ್ ಆಕಾರ ಹೆಚ್ಚಾಗಬೇಕಿತ್ತು. ಆಗಲಿಲ್ಲ, ಮತ್ತೆ ಎಸ್ಸೇ ಹೆಚ್ಚು ಬಂತು. ಒಲವು ಇದ್ದದ್ದು ನೋಡುವವರ ಕಣ್ಣಲ್ಲಿ. 2008ರಲ್ಲಿ ಇದನ್ನು ಅವರೇ ಪ್ರಕಟಿಸಿದರು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಕೆಲಸ ಇದು.

5. ಎಣಿಸಿ. ಉತ್ತರ ಮೂರು: ಬಲಮುರಿ, ಎಡಮುರಿ, ತಿಳಿಯದು. 'ತಿಳಿಯದು' ಎಂಬುದನ್ನು ಧಾರಾಳವಾಗಿ ಬಳಸಿ. ಒಂದೇ ಕೂರಿಕೆಯಲ್ಲಿ 50ಕ್ಕಿಂತ ಹೆಚ್ಚು ಬೇಡ. ಕಣ್ಣು ದಣಿದಾಗ ಕೈ ರೂಢಿಯ ಗುಂಡಿಯನ್ನೇ ಒತ್ತುತ್ತದೆ. ದಿನ ಬಿಟ್ಟು ದಿನ ಗುಂಡಿಗಳ ಜಾಗ ಅದಲುಬದಲು ಮಾಡಿ.

6. ಕಣ್ಣನ್ನೂ ಆಕಾಶವನ್ನೂ ಬೇರ್ಪಡಿಸಿ. ಊಹೆಯ ಅಂಕಿ ಇಟ್ಟು ತೋರಿಸುತ್ತೇನೆ. 600 ಗೆಲಾಕ್ಸಿಗಳ ಮೂಲ ಚಿತ್ರದಲ್ಲಿ ನೀವು ಶೇ. 54 ಬಲಮುರಿ ಎಂದಿರಿ. ಅವುಗಳ ಕನ್ನಡಿ ಪ್ರತಿಯಲ್ಲೂ ಶೇ. 53 ಬಲಮುರಿ ಎಂದಿರಿ. ಕಣ್ಣಿನ ವಾಲು ಎರಡರಲ್ಲೂ ಒಂದೇ ಕಡೆಗೆ; ಆಕಾಶದ ವಾಲು ಕನ್ನಡಿಯಲ್ಲಿ ತಿರುಗಿ ಬೀಳುತ್ತದೆ. ಹಾಗಾಗಿ 50ಕ್ಕಿಂತ ಹೆಚ್ಚಾದ 4 ಮತ್ತು 3ರ ಸರಾಸರಿ, ಅಂದರೆ 3.5, ನಿಮ್ಮ ಕಣ್ಣಿನದು. 4 ಮತ್ತು 3ರ ವ್ಯತ್ಯಾಸದ ಅರ್ಧ, ಅಂದರೆ 0.5, ಆಕಾಶದ್ದು. 600 ಗೆಲಾಕ್ಸಿಗೆ ಅದೃಷ್ಟದ ಅಲುಗಾಟವೇ ಶೇ. 2 ಇರುವಾಗ ಈ 0.5ಕ್ಕೆ ಏನೂ ಅರ್ಥವಿಲ್ಲ. ಕನ್ನಡಿ ಪ್ರತಿ ಮಾಡದೇ ಇದ್ದಿದ್ದರೆ ಶೇ. 54 ಎಂಬುದನ್ನೇ ಹಿಡಿದು, 2 ಸಿಗ್ಮಾ ಸಿಕ್ಕಿತು ಎಂದು ಪತ್ರಿಕೆಗೆ ಹೇಳಿಕೆ ಕೊಡುತ್ತಿದ್ದಿರಿ.

7. ಈ ಪರೀಕ್ಷೆಯ ಮಿತಿ ತಿಳಿಯಿರಿ. ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿರುತ್ತೀರಿ. ಮುಂದಿನಿಂದ ನೋಡಿದರೆ ರೆಕ್ಕೆ ಗಡಿಯಾರದ ದಿಕ್ಕಿಗೆ ಸುತ್ತುತ್ತದೆ, ಗುಡ್ಡದ ಆಚೆ ಹೋಗಿ ಹಿಂದಿನಿಂದ ನೋಡಿದರೆ ವಿರುದ್ಧ ದಿಕ್ಕಿಗೆ. ಯಂತ್ರ ಅದೇ, ಗಾಳಿಯೂ ಅದೇ. ಗೆಲಾಕ್ಸಿಯೂ ಹಾಗೆ: ಇಲ್ಲಿಂದ ಬಲಮುರಿಯಾಗಿ ಕಂಡದ್ದು ಅದರಾಚೆ ನಿಂತವರಿಗೆ ಎಡಮುರಿ. ಒಂದು ಪಕ್ಕದ ಆಕಾಶದಲ್ಲಿ ಬಲಮುರಿ ಹೆಚ್ಚಿದ್ದು, ಎದುರು ಪಕ್ಕದಲ್ಲಿ ಎಡಮುರಿ ಹೆಚ್ಚಿದ್ದರೆ, ಗೆಲಾಕ್ಸಿಗಳೆಲ್ಲ ಒಂದು ಅಚ್ಚಿನ ಸುತ್ತ ಒಂದೇ ಕಡೆ ತಿರುಗುತ್ತಿವೆ ಎಂದರ್ಥ. ಅದು ಬೇರೆಯೇ ಪ್ರಶ್ನೆ. ಸ್ಲೋನ್ ಸರ್ವೆಯ ಚಿತ್ರಗಳು ಆಕಾಶದ ಮೂರನೇ ಒಂದು ಭಾಗವನ್ನಷ್ಟೇ ಮುಚ್ಚುವುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ನೋಡುವವರು ಎಲ್ಲಿ ನಿಂತರೂ ಬದಲಾಗದ ಎಡ-ಬಲ ಬೇಕು. ಅದಕ್ಕೇ ಎರಡನೇ ಭಾಗ.

ಭಾಗ ಎರಡು: ನಾಲ್ಕು ಗೆಲಾಕ್ಸಿಗಳ ಜೋಡಣೆ

8. ನಾಲ್ಕೇ ಏಕೆ ಎಂದು ಕೈಯಾರೆ ನೋಡಿ. ಒಂದು ರಟ್ಟಿನಲ್ಲಿ ಮೂರೂ ಬದಿ ಬೇರೆಬೇರೆ ಉದ್ದದ ತ್ರಿಕೋನ ಕತ್ತರಿಸಿ. ಅದರ ಕನ್ನಡಿ ಬಿಂಬವನ್ನೂ ಕತ್ತರಿಸಿ. ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟರೆ ಸರಿಯಾಗಿ ಕೂರುತ್ತದೆ. ಅಂದರೆ ಮೂರು ಬಿಂದುಗಳಿಗೆ ಎಡ-ಬಲ ಇಲ್ಲ. ಈಗ ಬೆಂಕಿಕಡ್ಡಿ, ಜೇಡಿಮಣ್ಣಿನಲ್ಲಿ ನಾಲ್ಕು ಮೂಲೆಯ ಪಿರಮಿಡ್ಡು ಮಾಡಿ. ಇದಕ್ಕೆ ಚತುರ್ಮುಖಿ ಎನ್ನುತ್ತಾರೆ. ಬದಿಗಳು ಬೇರೆಬೇರೆ ಉದ್ದ ಇರಲಿ. ಇದರ ಬಿಂಬವನ್ನು ಹೇಗೇ ತಿರುಗಿಸಿದರೂ ಮೂಲದ ಮೇಲೆ ಕೂರದು. ಎಡಗೈ ಬಲಗೈಯ ಕೈಗವಸಿನ ಹಾಗೆ. ಎಡ-ಬಲ ಹುಟ್ಟಲು ಕನಿಷ್ಠ ನಾಲ್ಕು ಬಿಂದು ಬೇಕು.

ಗುರುತಿಸುವ ಕ್ರಮ ಇಷ್ಟು. ನಾಲ್ಕರಲ್ಲಿ ಒಂದು ಗೆಲಾಕ್ಸಿಯಲ್ಲಿ ನಿಂತು ಉಳಿದ ಮೂರನ್ನು ನೋಡಿ. ಹತ್ತಿರದ್ದು, ನಡುವಿನದು, ದೂರದ್ದು ಎಂಬ ಸಾಲಿನಲ್ಲಿ ಕಣ್ಣು ಹಾಯಿಸಿದರೆ ಗಡಿಯಾರದ ದಿಕ್ಕಿಗೆ ಹೋಗುತ್ತದೆಯೋ ವಿರುದ್ಧವೋ? ಲೆಕ್ಕದಲ್ಲಿ ಇದು ಪಿಯುಸಿಯ ಸ್ಕೇಲಾರ್ ಟ್ರಿಪಲ್ ಪ್ರಾಡಕ್ಟ್: ಮೂರೂ ದಿಕ್ಕಿನ ಏಕಮಾನ ಸದಿಶಗಳಲ್ಲಿ ಮೊದಲನೆಯದನ್ನು, ಉಳಿದೆರಡರ ಕ್ರಾಸ್ ಗುಣಲಬ್ಧದೊಡನೆ ಡಾಟ್ ಗುಣಿಸಿ. ಕನ್ನಡಿಯಲ್ಲಿ ಈ ಅಂಕಿಯ ಚಿಹ್ನೆ ತಿರುಗುತ್ತದೆ. ವಿಶ್ವಕ್ಕೆ ಎಡ-ಬಲ ಇಲ್ಲದಿದ್ದರೆ, ಬೇಕಾದಷ್ಟು ಚತುರ್ಮುಖಿಗಳ ಸರಾಸರಿ ಸೊನ್ನೆಯ ಆಸುಪಾಸಿಗೆ ಬರಬೇಕು. ರಾಬರ್ಟ್ ಕಾನ್, ಜಕರಿ ಸ್ಲೆಪಿಯನ್, ಜಿಯಾಮಿನ್ ಹೌ 2021ರಲ್ಲಿ ಮುಂದಿಟ್ಟ ಉಪಾಯದ ತಿರುಳು ಇದೇ.

9. ಆಟಿಕೆ ವಿಶ್ವದಲ್ಲಿ ಪ್ರೋಗ್ರಾಮನ್ನು ಪಳಗಿಸಿ. ನಿಜವಾದ ಕಡತ ಮುಟ್ಟುವ ಮೊದಲೇ ಇದನ್ನು ಮಾಡಿ. ಒಂದು ಪೆಟ್ಟಿಗೆಯೊಳಗೆ ಎಲ್ಲೆಂದರಲ್ಲಿ ಬಲಮುರಿ (ಅಂದರೆ ಗಡಿಯಾರದ ದಿಕ್ಕಿನ) ಚತುರ್ಮುಖಿಗಳನ್ನೇ ಚೆಲ್ಲಿ, ಪ್ರೋಗ್ರಾಮು ಓಡಿಸಿ. ಸರಾಸರಿ ಸೊನ್ನೆಯಿಂದ ದೂರ ಬರಬೇಕು. ಎಲ್ಲ ಬಿಂದುಗಳ ಒಂದು ನಿರ್ದೇಶಾಂಕದ ಚಿಹ್ನೆ ಬದಲಿಸಿ, ಅದೇ ನಾಲ್ಕು ನಾಲ್ಕು ಬಿಂದುಗಳನ್ನೇ ಮತ್ತೆ ಅಳೆಯಿರಿ. ಅಂಕಿ ಅದೇ ಇರಬೇಕು, ಚಿಹ್ನೆ ಮಾತ್ರ ತಿರುಗಬೇಕು. ದಶಾಂಶದ ಕೊನೆಯಲ್ಲಿ ಕಂಪ್ಯೂಟರು ಮಾಡುವ ಕಿರು ಏರುಪೇರು ಬಿಟ್ಟು ಬೇರೆ ಯಾವ ವ್ಯತ್ಯಾಸ ಕಂಡರೂ ತಪ್ಪಿದೆ. ಮೂರನೆಯದಾಗಿ, ಬರೀ ಚೆಲ್ಲಾಪಿಲ್ಲಿ ಬಿಂದುಗಳನ್ನು ಕೊಡಿ; ಸೊನ್ನೆ ಬರಬೇಕು. ಈ ಮೂರೂ ಪಾಸಾಗುವವರೆಗೆ ಮುಂದೆ ಹೋಗಬೇಡಿ.

10. ಬಾಸ್ ಪಟ್ಟಿ ಇಳಿಸಿ. ಸ್ಲೋನ್ ದೂರದರ್ಶಕದಲ್ಲೇ 2009ರಿಂದ 2014ರವರೆಗೆ ನಡೆದ ಸರ್ವೆಯ ಹೆಸರು ಬಾಸ್. ಸ್ಲೋನ್ ಸರ್ವೆಯ ಹನ್ನೆರಡನೇ ಬಿಡುಗಡೆಯಲ್ಲಿ ಅದರ ಸುಮಾರು 12 ಲಕ್ಷ ಗೆಲಾಕ್ಸಿಗಳಿವೆ. ಹತ್ತಿರದವಕ್ಕೆ 'ಲೋಝಡ್', ದೂರದವಕ್ಕೆ 'ಸಿಮಾಸ್' ಎಂದು ಹೆಸರು. ಆಕಾಶಗಂಗೆಯ ಪಟ್ಟಿಯ ಆಚೀಚೆ ಇರುವುದರಿಂದ ಉತ್ತರ, ದಕ್ಷಿಣ ಎಂದು ಎರಡು ತುಂಡು. ಜೊತೆಗೆ ರ‍್ಯಾಂಡಮ್ ಪಟ್ಟಿಯನ್ನೂ ಇಳಿಸಿಕೊಳ್ಳಿ. ಗೆಲಾಕ್ಸಿಗಳೇ ಇಲ್ಲದೆ, ಸರ್ವೆ ನೋಡಿದ ಜಾಗದ ಆಕಾರವನ್ನಷ್ಟೇ ತೋರಿಸುವ ಚುಕ್ಕೆಗಳ ಪಟ್ಟಿ ಅದು. ಹೊಲದಲ್ಲಿ ಶೇಂಗಾ ಎಲ್ಲಿ ದಟ್ಟ ಎಂದು ಹೇಳಬೇಕಾದರೆ ಹೊಲದ ಬದು ಎಲ್ಲಿದೆ ಎಂದು ಮೊದಲು ತಿಳಿಯಬೇಕಲ್ಲ, ಹಾಗೆ.

ಪ್ರತಿ ಗೆಲಾಕ್ಸಿಗೂ ಕೆಲವು 'ತೂಕ'ಗಳಿರುತ್ತವೆ, ಬಿಡಬೇಡಿ. ಬಾಸ್ ಗೆಲಾಕ್ಸಿಯ ಬೆಳಕನ್ನು ಗಾಜಿನೆಳೆಗಳಲ್ಲಿ ಹಿಡಿಯುತ್ತಿತ್ತು. ಒಂದೇ ತಟ್ಟೆಯಲ್ಲಿ 62 ಆರ್ಕ್‌ಸೆಕೆಂಡಿಗಿಂತ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡು) ಹತ್ತಿರ ಎರಡು ಎಳೆ ಕೂರುತ್ತಿರಲಿಲ್ಲ, ಹಾಗಾಗಿ ತೀರಾ ಅಕ್ಕಪಕ್ಕದ ಎಷ್ಟೋ ಗೆಲಾಕ್ಸಿಗಳು ತಪ್ಪಿಹೋದವು. ತೂಕ ಆ ಕೊರತೆ ತುಂಬುತ್ತದೆ.

11. ಆಕಾಶದ ಸ್ಥಾನವನ್ನು ಮೂರು ಆಯಾಮಕ್ಕೆ ತನ್ನಿ. ಪಟ್ಟಿಯಲ್ಲಿ ಎರಡು ಕೋನ ಮತ್ತು ಕೆಂಪು ಪಲ್ಲಟ ಇರುತ್ತವೆ. ಕೆಂಪು ಪಲ್ಲಟ ಎಂದರೆ ವಿಶ್ವ ಹಿಗ್ಗುವಾಗ ಬೆಳಕಿನ ಅಲೆಯೂ ಹಿಗ್ಗಿ ಕೆಂಪಿನತ್ತ ಜಾರಿದ ಪ್ರಮಾಣ. ಅದರಿಂದ ದೂರ ತಿಳಿಯುತ್ತದೆ. ಆಸ್ಟ್ರೋಪೈನಲ್ಲಿ ವಿಶ್ವದಲ್ಲಿ ದ್ರವ್ಯದ ಪಾಲು 0.31 ಎಂದು ಕೊಟ್ಟು 'ಕೊಮೂವಿಂಗ್ ದೂರ', ಅಂದರೆ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿದು ಇಂದಿನ ಅಳತೆಗೆ ತಂದ ದೂರ, ಕೇಳಿ. ಕೆಂಪು ಪಲ್ಲಟ 0.5ಕ್ಕೆ 600 ಕೋಟಿ ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ಬರಬೇಕು. ಬರದಿದ್ದರೆ ಏಕಮಾನ ತಪ್ಪಿದೆ. ಕೋನವನ್ನು ಡಿಗ್ರಿಯಿಂದ ರೇಡಿಯನ್ನಿಗೆ ಬದಲಿಸಲು ಮರೆಯುವುದು ಎಲ್ಲರೂ ಮಾಡುವ ತಪ್ಪು. ಅದಕ್ಕಿಂತ ಕೆಟ್ಟದ್ದು ಸೈನ್, ಕೊಸೈನ್ ಅದಲುಬದಲಾಗಿ ನಿರ್ದೇಶಾಂಕಗಳ ಕ್ರಮವೇ ಎಡಗೈಯದಾಗುವುದು. ಲೆಕ್ಕ ಸುಸೂತ್ರವಾಗಿ ಓಡುತ್ತದೆ, ಉತ್ತರ ತಿರುಗುಮುರುಗಾಗಿರುತ್ತದೆ. ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿದು ಮೂರು ಗೊತ್ತಿರುವ ದಿಕ್ಕುಗಳಲ್ಲಿ ತಾಳೆ ನೋಡಿ.

12. ಎಲ್ಲವನ್ನೂ ಎಣಿಸಲು ಹೋಗಬೇಡಿ. 100 ಗೆಲಾಕ್ಸಿಗಳಿಂದ ನಾಲ್ಕು ನಾಲ್ಕನ್ನು ಆರಿಸುವ ಬಗೆ 39,21,225. 1,000ಕ್ಕೆ 4,100 ಕೋಟಿ ಮೀರುತ್ತದೆ. 12 ಲಕ್ಷಕ್ಕೆ ಲೆಕ್ಕವೇ ಬೇಡ. ಸಂಶೋಧಕರು ಇದಕ್ಕೆಂದೇ 'ಎನ್‌ಕೋರ್' ಎಂಬ ಪ್ರೋಗ್ರಾಮು ಬರೆದಿದ್ದಾರೆ. ಪ್ರತಿ ಗೆಲಾಕ್ಸಿಯ ಸುತ್ತಲಿನ ಹರವನ್ನು ಅಲೆಗಳಾಗಿ ಬಿಡಿಸಿಕೊಂಡು, ನಾಲ್ಕರ ಲೆಕ್ಕವನ್ನು ಎರಡರ ಲೆಕ್ಕದಷ್ಟು ಹೊತ್ತಿಗೆ ಇಳಿಸುತ್ತದೆ. ನೀವು ಮೊದಲ ಸಲಕ್ಕೆ ಸರಳ ದಾರಿ ಹಿಡಿಯಿರಿ. ಯಾವುದೋ 20,000 ಗೆಲಾಕ್ಸಿಗಳನ್ನು ಎತ್ತಿಕೊಳ್ಳಿ. ಪ್ರತಿಯೊಂದರ ಸುತ್ತ ಮೂರು ಟೊಳ್ಳು ಚಿಪ್ಪು ಕಲ್ಪಿಸಿ: 20ರಿಂದ 40, 60ರಿಂದ 80, 100ರಿಂದ 120. ಏಕಮಾನ ಮೆಗಾಪಾರ್ಸೆಕ್, ಒಂದಕ್ಕೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ. ಪ್ರತಿ ಚಿಪ್ಪಿನಿಂದ ಒಂದೊಂದು ಗೆಲಾಕ್ಸಿಯನ್ನು ಕಣ್ಮುಚ್ಚಿ ಎತ್ತಿ, ಟ್ರಿಪಲ್ ಪ್ರಾಡಕ್ಟ್ ಬರೆಯಿರಿ. ಇದನ್ನು ನೂರಾರು ಸಲ ಮಾಡಿ. ನೆರೆಯವರನ್ನು ಹುಡುಕಲು ಸೈಪೈನ 'ಕೆಡಿ-ಟ್ರೀ' ಇದೆ.

ಚಿಪ್ಪುಗಳ ನಡುವೆ ಬಿಟ್ಟ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು. ಎರಡು ಗೆಲಾಕ್ಸಿ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದರೆ ಯಾವುದು ಹತ್ತಿರದ್ದು ಎಂಬ ಸಾಲೇ ಅಲುಗಾಡುತ್ತದೆ. ಇನ್ನು ಸರ್ವೆಯ ಅಂಚಿಗೆ 120 ಮೆಗಾಪಾರ್ಸೆಕ್‌ಗಿಂತ ಹತ್ತಿರ ಇರುವ ಗೆಲಾಕ್ಸಿಗಳನ್ನು ನಡುಬಿಂದುವಾಗಿ ಇಟ್ಟುಕೊಳ್ಳಬೇಡಿ. ಅರ್ಧ ಕತ್ತರಿಸಿದ ಚಿಪ್ಪು ತಾನೇ ಒಂದು ಪಕ್ಕಕ್ಕೆ ವಾಲಿರುತ್ತದೆ. ಇದೇ ಲೆಕ್ಕವನ್ನು ರ‍್ಯಾಂಡಮ್ ಪಟ್ಟಿಯ ಮೇಲೂ ಓಡಿಸಿ. ಅಲ್ಲಿಯೂ ಸೊನ್ನೆಯಲ್ಲದ ಅಂಕಿ ಬಂದರೆ ಅದು ಹೊಲದ ಬದುವಿನ ಆಕಾರ, ಬೆಳೆಯದ್ದಲ್ಲ.

13. ತಪ್ಪಿನ ಅಂದಾಜು. ಬಹಳ ಜನ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ. ಇಪ್ಪತ್ತು ಲಕ್ಷ ಚತುರ್ಮುಖಿ ಎಣಿಸಿದೆ, ಹಾಗಾದರೆ ಸಿಗ್ಮಾ ಎಂದರೆ ಅದರ ವರ್ಗಮೂಲದ ಲೆಕ್ಕ ಎಂದುಕೊಂಡರೆ ಕೆಟ್ಟಿತು. ನಾಣ್ಯದ ಒಂದು ಚಿಮ್ಮಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಚತುರ್ಮುಖಿಗಳು ಹಾಗಲ್ಲ, ಒಂದೇ ಗೆಲಾಕ್ಸಿ ಸಾವಿರಾರು ಚತುರ್ಮುಖಿಗಳ ಮೂಲೆಯಾಗಿರುತ್ತದೆ. ಒಂದೇ ಮನೆಯವರನ್ನು ನೂರು ಸಲ ಕೇಳಿ ನೂರು ಮತ ಎಂದು ಬರೆದುಕೊಂಡಂತೆ. ಸಿಗ್ಮಾ ನಿಜಕ್ಕಿಂತ ಸಣ್ಣದಾಗಿ, ಸಂಕೇತ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನೀವು ಮಾಡಬೇಕಾದ್ದು: ಸರ್ವೆಯನ್ನು ಹೆಚ್ಚುಕಡಿಮೆ ಸಮನಾದ 40 ತುಂಡು ಮಾಡಿ. ಪ್ರತಿ ತುಂಡಿಗೂ ಸರಾಸರಿ ಬೇರೆ ತೆಗೆಯಿರಿ. ಆ 40 ಅಂಕಿಗಳು ಎಷ್ಟು ಚದುರಿವೆ ಎಂಬುದನ್ನು ನೋಡಿ, ಚದುರುವಿಕೆಯನ್ನು 40ರ ವರ್ಗಮೂಲದಿಂದ ಭಾಗಿಸಿದರೆ ಅದೇ ನಿಮ್ಮ ಸಿಗ್ಮಾ. ಆಮೇಲೆ ಉತ್ತರ, ದಕ್ಷಿಣ ತುಂಡುಗಳನ್ನು ಬೇರೆಬೇರೆ ನೋಡಿ. ವಿಶ್ವದ ಹುಟ್ಟಿನಲ್ಲೇ ಬಿದ್ದ ವಾಲು ಎರಡರಲ್ಲೂ ಒಂದೇ ಚಿಹ್ನೆಯಲ್ಲಿ ಬರಬೇಕು.

ದೊಡ್ಡ ತಂಡಗಳೂ ಇಲ್ಲೇ ಸಿಕ್ಕಿಬಿದ್ದವು. ಹೌ, ಸ್ಲೆಪಿಯನ್, ಕಾನ್ ಬಾಸ್ ಪಟ್ಟಿಯಲ್ಲಿ ಅಳೆದಾಗ ಸಿಮಾಸ್‌ನಲ್ಲಿ 7.1 ಸಿಗ್ಮಾ, ಲೋಝಡ್‌ನಲ್ಲಿ 3.1 ಸಿಗ್ಮಾ ಬಂತು. ಆಲಿವರ್ ಫಿಲ್ಕಾಕ್ಸ್ ಬೇರೆಯಾಗಿ ವಿಶ್ಲೇಷಿಸಿದಾಗ 2.9 ಸಿಗ್ಮಾ. ಕಡತ ಒಂದೇ, ತಪ್ಪಿನ ಅಂದಾಜು ಹಾಕಿದ ಬಗೆ ಬೇರೆ. ಅವರು ಅಳೆದದ್ದು ನಮ್ಮಂತೆ ಒಂದು ಸರಾಸರಿಯನ್ನಲ್ಲ. 23 ಬಗೆಯ ಎಡ-ಬಲ ಅಂಕಿಗಳು, ಪ್ರತಿಯೊಂದೂ ಮೂರು ಚಿಪ್ಪುಗಳ 816 ಜೋಡಣೆಯಲ್ಲಿ. ಒಟ್ಟು 18,768 ಅಂಕಿ. ಇಷ್ಟು ಅಂಕಿಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ತಿಳಿಯಲು ಅವರಲ್ಲಿದ್ದದ್ದು ಕಂಪ್ಯೂಟರಿನಲ್ಲಿ ಸೃಷ್ಟಿಸಿದ 2,048 ಅಣಕು ವಿಶ್ವಗಳು. ಅವು ಸಾಲದಿದ್ದುದರಿಂದ ಕೊರತೆಯನ್ನು ಸೂತ್ರದಿಂದ ತುಂಬಿಕೊಂಡರು.

2024ರಲ್ಲಿ ಅಲೆಕ್ಸ್ ಕ್ರೊಲೆವ್‌ಸ್ಕಿ ಮತ್ತು ಸಂಗಡಿಗರು ಇದನ್ನು ಬಿಡಿಸಿ ನೋಡಿದರು. ನಿಜವಾದ ಗೆಲಾಕ್ಸಿಗಳ ಚದುರುವಿಕೆಗೂ ಅಣಕು ವಿಶ್ವಗಳ ಚದುರುವಿಕೆಗೂ ಸಣ್ಣ ವ್ಯತ್ಯಾಸ ಇದ್ದರೆ ಅದೇ ಎಡ-ಬಲದ ಸಂಕೇತವೆಂಬಂತೆ ಕಾಣುತ್ತದೆ ಎಂದು ತೋರಿಸಿದರು. ಆಕಾಶದ ಬೇರೆಬೇರೆ ತುಂಡುಗಳನ್ನು ಒಂದಕ್ಕೊಂದು ತಾಳೆ ಹಾಕಿ ಎರಡನ್ನೂ ಬೇರ್ಪಡಿಸಿದಾಗ, ಅಣಕಿನ ವ್ಯತ್ಯಾಸದ ಪಾಲು ಸುಮಾರು 6 ಸಿಗ್ಮಾ, ನಿಜವಾದ ಎಡ-ಬಲದ್ದು ವಿಶ್ಲೇಷಣೆಯ ಆಯ್ಕೆಗೆ ತಕ್ಕಂತೆ 0ಯಿಂದ 2.5 ಸಿಗ್ಮಾ. ಬಾಸ್‌ನಲ್ಲಿ ಒಪ್ಪಿಸುವಂಥ ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ. ಮೊದಲ ತಂಡ ತಪ್ಪು ಮಾಡಿತು ಎಂದು ಹಗುರವಾಗಿ ಹೇಳಬೇಡಿ. ದಾರಿ ಕಡಿದವರು ಅವರೇ, ಎರಡನೆಯವರು ನಡೆದದ್ದೂ ಅದೇ ದಾರಿಯಲ್ಲಿ.

14. ಷರತ್ತು ಮೊದಲು, ಫಲಿತಾಂಶ ಆಮೇಲೆ. ಯಾವ ಚಿಪ್ಪು, ಎಷ್ಟು ತುಂಡು, ಎಷ್ಟು ಸಿಗ್ಮಾ ಬಂದರೆ ಒಪ್ಪುತ್ತೇವೆ ಎಂಬುದನ್ನೆಲ್ಲ ಓಡಿಸುವ ಮೊದಲೇ ಬರೆದು ದಿನಾಂಕ ಹಾಕಿ, ಗೆಳೆಯರ ಸಹಿ ಹಾಕಿಸಿ. ಚಿಪ್ಪು ಬದಲಿಸುತ್ತ ಇಪ್ಪತ್ತು ಸಲ ಓಡಿಸಿದರೆ ಅದರಲ್ಲೊಂದು 2 ಸಿಗ್ಮಾ ತಾನಾಗೇ ಬರುತ್ತದೆ. ಅದನ್ನಷ್ಟೇ ಎತ್ತಿ ತೋರಿಸುವುದು ಮೋಸ, ಮಾಡಿದವರಿಗೆ ತಿಳಿಯದೇ ಆದರೂ ಮೋಸವೇ.

15. ಮುಂದಕ್ಕೆ. ಬಾಸ್ ಪಟ್ಟಿಯಲ್ಲಿ ಕೈ ಕುದುರಿದ ಮೇಲೆ ಡೆಸಿ ಸರ್ವೆಗೆ ಬನ್ನಿ. ಅರಿಜೋನಾದ 4 ಮೀಟರ್ ದೂರದರ್ಶಕದಲ್ಲಿ 5,000 ಗಾಜಿನೆಳೆಗಳನ್ನು ರೋಬಾಟುಗಳೇ ಜೋಡಿಸುತ್ತವೆ. 2025ರ ಮಾರ್ಚಿನಲ್ಲಿ ಬಿಟ್ಟ ಮೊದಲ ಕಂತಿನಲ್ಲೇ 1.87 ಕೋಟಿ ಕಾಯಗಳಿವೆ. ಕಡತ ದೊಡ್ಡದು, ಬೇಕಾದ ಕಾಲಮ್ಮುಗಳನ್ನಷ್ಟೇ ಉಳಿಸಿಕೊಳ್ಳಿ. ಬಾಸ್‌ನಲ್ಲಿ ಬರೆದಿಟ್ಟ ಷರತ್ತುಗಳನ್ನು ಒಂದಕ್ಷರ ಬದಲಿಸದೆ ಇಲ್ಲಿ ಓಡಿಸಿದರೆ ಅದಕ್ಕೆ ಬಹಳ ಬೆಲೆ.

ಫಲಿತಾಂಶವನ್ನು ನನಗೆ ಕಳಿಸುವವರು ನಾಲ್ಕು ಅಂಕಿ ಬರೆಯಿರಿ: ಆಟಿಕೆ ವಿಶ್ವದಲ್ಲಿ ಬಂದದ್ದು, ಅದರ ಕನ್ನಡಿ ಬಿಂಬದಲ್ಲಿ ಬಂದದ್ದು, ರ‍್ಯಾಂಡಮ್ ಪಟ್ಟಿಯಲ್ಲಿ ಬಂದದ್ದು, ಕೊನೆಗೆ ಆಕಾಶದಲ್ಲಿ ಬಂದದ್ದು. ಕ್ರಮ ತಪ್ಪಿಸಬೇಡಿ. ಮೊದಲ ಮೂರು ಇಲ್ಲದೆ ನಾಲ್ಕನೆಯದು ಮಾತ್ರ ಬಂದರೆ, ಮೊದಲ ಮೂರನ್ನು ಕಳಿಸಿ ಎಂದು ವಾಪಸ್ ಬರೆಯುತ್ತೇನೆ.